ಅಪ್ಪ ಮಾತು ಬಿಟ್ಟಿದ್ದಾರೆ, ಏನು ಮಾಡಲಿ?

ಪ್ರಶ್ನೆ: ಅಪ್ಪನಿಗೆ 72 ವರ್ಷ, ನಿವೃತ್ತ ಗಣಿತದ ಮೇಷ್ಟ್ರು. ಅಮ್ಮ ತೀರಿಕೊಂಡು ಮೂರು ವರ್ಷವಾಯಿತು. ಈಚೆಗೆ ಗೆಳೆಯರನ್ನು ನೋಡಲೂ ಹೋಗುವುದಿಲ್ಲ. ಫೋನ್ ಬಂದರೆ ‘ನೀನೇ ಮಾತಾಡು’ ಅಂತ ನನ್ನ ಕೈಗೆ ಕೊಡುತ್ತಾರೆ. ದಿನವಿಡೀ ಟಿವಿ, ಅದೂ ಜೋರಾಗಿ. ವ್ಯಾಯಾಮದ ಸೈಕಲ್ ತಂದೆ, ಟ್ಯಾಬ್ ತಂದೆ, ಹಿರಿಯರ ಕೂಟಕ್ಕೆ ಹೆಸರು ಕೊಟ್ಟೆ. ಯಾವುದೂ ಬೇಡವಂತೆ. ಮೊನ್ನೆ ಮಗಳು ಬಿದ್ದು ಮಂಡಿ ಒಡೆದುಕೊಂಡಳು ಅಂದರೆ ‘ಹೂಂ, ಒಳ್ಳೇದಾಯ್ತು’ ಅಂದುಬಿಟ್ಟರು. ನನಗೆ ಅಳುವೇ ಬಂತು. ಅಣ್ಣ ‘ವಯಸ್ಸಾದ ಮೇಲೆ ಹಾಗೇ, ಸುಮ್ಮನೆ ಬಿಡು’ ಅನ್ನುತ್ತಾನೆ. ಬಿಡಲೋ, ಒತ್ತಾಯ ಮಾಡಲೋ?

ಉತ್ತರ: ಎರಡೂ ಬೇಡ. ಮೊದಲು ಅಪ್ಪನ ಕಿವಿ ಪರೀಕ್ಷೆ ಮಾಡಿಸಿ.

ಆ ‘ಹೂಂ, ಒಳ್ಳೇದಾಯ್ತು’ ಓದಿ ನನಗೆ ನಮ್ಮಮ್ಮ ನೆನಪಾದರು. ಅವರೂ ಹೀಗೆ ಹೊಂದದ ಉತ್ತರ ಕೊಡುತ್ತಿದ್ದರು. ಅದನ್ನು ನಾನು ಅಸಡ್ಡೆ ಅಂದುಕೊಂಡೇ ಎರಡು ವರ್ಷ ಕಳೆದೆ. ಆ ಎರಡು ವರ್ಷದ ಬಗ್ಗೆ ಇವತ್ತಿಗೂ ನನಗೆ ಸಂಕಟವಿದೆ.

ವಯಸ್ಸಿನೊಂದಿಗೆ ಮೊದಲು ಮಸುಕಾಗುವುದು ಸಣ್ಣ, ಚೂಪು ಧ್ವನಿಗಳು. ಸ್ವರ ಕಿವಿಗೆ ಬೀಳುತ್ತದೆ, ವ್ಯಂಜನ ಜಾರಿಹೋಗುತ್ತದೆ. ಹಾಲು, ಕಾಲು, ಸಾಲು ಮೂರೂ ಒಂದೇ ಥರ ಕೇಳುತ್ತವೆ. ಅದಕ್ಕೇ ಹಿರಿಯರು ‘ನನಗೆ ಚೆನ್ನಾಗಿ ಕೇಳುತ್ತೆ, ನೀವೇ ಗೊಣಗ್ತೀರಿ’ ಅನ್ನುವುದು. ಅವರು ಸುಳ್ಳು ಹೇಳುತ್ತಿಲ್ಲ. ನಾಲ್ಕು ಜನ ಒಟ್ಟಿಗೆ ಮಾತಾಡುವ ಕಡೆಯಂತೂ ಊಹಿಸಿ ಊಹಿಸಿ ತಲೆ ದಣಿಯುತ್ತದೆ. ಗೆಳೆಯರ ಕೂಟ ತಪ್ಪುವುದು, ಫೋನ್ ಕೈ ಬದಲಾಗುವುದು ಇದರಿಂದಲೂ ಇರಬಹುದು.

ಕಿವಿ, ಮೂಗು, ಗಂಟಲು ತಜ್ಞರಲ್ಲಿಗೆ ಹೋಗಿ. ಕೆಲವೊಮ್ಮೆ ಗುಗ್ಗೆ ಗಟ್ಟಿಯಾಗಿ ಕೂತಿರುತ್ತದೆ, ತೆಗೆದರೆ ಮುಗಿಯಿತು. ಶ್ರವಣ ಸಾಧನ ಬೇಕಾದರೆ ಒಂದು ಮಾತು ನೆನಪಿಡಿ: ಮೊದಲ ವಾರಗಳು ಕಷ್ಟ. ಪೇಪರ್ ಮಡಚುವ ಸದ್ದು, ನಲ್ಲಿ ನೀರಿನ ಸದ್ದು ಕೂಡ ತಲೆಗೆ ಬಡಿದಂತಾಗುತ್ತದೆ. ಮರೆತಿದ್ದ ಸದ್ದುಗಳಿಗೆ ಮಿದುಳು ಮತ್ತೆ ಒಗ್ಗಬೇಕು. ಬಹಳ ಸಾಧನಗಳು ಮೇಜಿನ ಡ್ರಾಯರ್ ಸೇರುವುದು ಈ ಹಂತದಲ್ಲೇ. ದಿನಕ್ಕೆ ಒಂದೆರಡು ಗಂಟೆಯಿಂದ ಶುರು ಮಾಡಿಸಿ, ಹೊಂದದಿದ್ದರೆ ಮತ್ತೆ ಒಯ್ದು ಸರಿಪಡಿಸಿಕೊಂಡು ಬನ್ನಿ. ಇದ್ದಕ್ಕಿದ್ದಂತೆ ಒಂದು ಕಿವಿ ಕೇಳದಾದರೆ ಮಾತ್ರ ಕಾಯಬೇಡಿ, ಅದೇ ದಿನ ವೈದ್ಯರನ್ನು ಕಾಣಿ.

2024ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗವು ಮರೆಗುಳಿ ಕಾಯಿಲೆಯ ಅಪಾಯ ಹೆಚ್ಚಿಸುವ, ನಾವು ಬದಲಿಸಬಹುದಾದ 14 ಅಂಶಗಳನ್ನು ಪಟ್ಟಿ ಮಾಡಿತು. ಕಿವಿ ಮಂದವಾಗುವುದು, ಜನರಿಂದ ದೂರಾಗುವುದು, ಮೈ ಆಡಿಸದಿರುವುದು, ಖಿನ್ನತೆ ಎಲ್ಲವೂ ಅದರಲ್ಲಿವೆ. ಹೆದರಿಸಲು ಹೇಳುತ್ತಿಲ್ಲ. ಒಂದು ಇನ್ನೊಂದನ್ನು ಎಳೆದು ತರುತ್ತದೆ, ಅದಕ್ಕೆ ಎಳೆ ಬಿಚ್ಚುವುದನ್ನು ಕಿವಿಯಿಂದ ಶುರು ಮಾಡಿ ಅಂದೆ. ಕಿವಿ ಸರಿಹೋದ ಮೇಲೂ ಅವರು ಮಂಕಾಗಿದ್ದರೆ, ನಿದ್ದೆ, ಹಸಿವು ಕೆಟ್ಟಿದ್ದರೆ ಖಿನ್ನತೆಗೆ ಚಿಕಿತ್ಸೆ ಕೊಡಿಸಿ. ಅಮ್ಮನನ್ನು ಕಳೆದುಕೊಂಡಿದ್ದು ಅವರೂ ಅಲ್ಲವೇ.

ಸೈಕಲ್ ಸದ್ಯಕ್ಕೆ ಮೂಲೆಯಲ್ಲಿರಲಿ. ಕೈ ಎದೆಗೆ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಲು ಹೇಳಿ, ನೀವು ಪಕ್ಕದಲ್ಲೇ ನಿಂತಿರಿ. ವಿಶ್ವ ಆರೋಗ್ಯ ಸಂಸ್ಥೆಯ ತಪಾಸಣೆಯಲ್ಲಿ ಇದಕ್ಕೆ 14 ಸೆಕೆಂಡ್ ಅಳತೆ. ಅದಕ್ಕಿಂತ ಹೆಚ್ಚು ಹೊತ್ತು ಬೇಕಾದರೆ ಕಾಲಿನ ಬಲ ಕುಗ್ಗಿದೆ ಎಂದು ವೈದ್ಯರಿಗೆ ತಿಳಿಸಿ. ಹೋಗುವಾಗ ಅವರು ನುಂಗುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ತಲೆಸುತ್ತು ತಂದು ಬೀಳಿಸುವ ಮಾತ್ರೆಗಳೂ ಅದರಲ್ಲಿರಬಹುದು.

ಮೇಷ್ಟ್ರಾಗಿದ್ದವರನ್ನು ಎಲ್ಲರೂ ಸೇರಿ ರೋಗಿ ಮಾಡಬೇಡಿ. ಮಗಳ ಲೆಕ್ಕದ ಪುಸ್ತಕ ಅವರ ಮುಂದಿಡಿ. ಎದುರಿಗೆ ಒಬ್ಬಳೇ ಮಗು, ಟಿವಿ ಬಂದ್, ಮಾತಿಗೆ ಜೊತೆಯಾಗಿ ಹಾಳೆಯ ಮೇಲೆ ಅಂಕಿಗಳು. ಕಿವಿ ಮಂದವಾದವರಿಗೂ ಅದು ಸಲೀಸು.

ಇವತ್ತು ಸಂಜೆ ಬೆಳಕು ನಿಮ್ಮ ಮುಖಕ್ಕೆ ಬೀಳುವಂತೆ ಅವರ ಎದುರು ಕೂತುಕೊಳ್ಳಿ. ಕಿರುಚಬೇಡಿ, ನಿಧಾನಕ್ಕೆ ಹೇಳಿ: ‘ಅಪ್ಪ, ನಾನು ಕಿವಿ ತೋರಿಸಿಕೊಳ್ಳೋಕೆ ಹೋಗ್ತಿದ್ದೀನಿ. ನೀವೂ ಬನ್ನಿ, ಇಬ್ಬರೂ ತೋರಿಸಿಕೊಂಡು ಬರೋಣ.’ ನೀವೂ ನಿಜವಾಗಿ ತೋರಿಸಿಕೊಳ್ಳಿ.