ಹೊಸ ಲೇಔಟಿನಲ್ಲಿ ಯಾವ ಸೈಟು: ಪಾರ್ಕ್ ಎದುರಿನದಾ, ಕಾರ್ನರಾ, ಪಶ್ಚಿಮದ್ದಾ?

ನೀವು ಕೇಳಿರುವುದು ಇಷ್ಟು: ಮೈಸೂರಿನ ರಿಂಗ್ ರಸ್ತೆಯ ಆಚೆ ಹೊಸ ಖಾಸಗಿ ಲೇಔಟು. ನಿಮ್ಮ ಬಜೆಟ್ಟಿಗೆ 30×40 ಅಳತೆಯ ಮೂರು ಸೈಟುಗಳು ಉಳಿದಿವೆ. ಒಂದು ಪಾರ್ಕ್ ಎದುರಿನ ಪೂರ್ವದ ಸೈಟು, ಅಂದರೆ ರಸ್ತೆ ಪೂರ್ವಕ್ಕಿರುವುದು. ಒಂದು ಕಾರ್ನರ್, ಇನ್ನೊಂದು ರಸ್ತೆ ಪಶ್ಚಿಮಕ್ಕಿರುವ ಪಶ್ಚಿಮದ್ದು. ಪಶ್ಚಿಮದ್ದಕ್ಕೆ ರೇಟು ಸ್ವಲ್ಪ ಕಡಿಮೆ. ಹೂಡಿಕೆಗಲ್ಲ, ಮನೆ ಕಟ್ಟಿ ಅಲ್ಲೇ ಇರುವುದಕ್ಕೆ. ಯಾವುದು ತಗೊಳ್ಳಲಿ?

ನಾನು ಇದೇ ಊರಿನಲ್ಲಿ ಮನೆ ಕಟ್ಟಿಸುವ ಕೆಲಸದಲ್ಲಿದ್ದೇನೆ. ಸೈಟು ಮಾರುವುದಿಲ್ಲ, ಕಮಿಷನ್ನೂ ಇಲ್ಲ. ನನ್ನ ಉತ್ತರ: ಮೂರರಲ್ಲಿ ಯಾವುದು ಎತ್ತರದಲ್ಲಿದೆಯೋ ಅದನ್ನು ತಗೊಳ್ಳಿ. ದಿಕ್ಕು, ಕಾರ್ನರ್, ಪಾರ್ಕ್ ಎಲ್ಲ ಆಮೇಲೆ.

ಸೈಟ್ ಆಫೀಸಿನಲ್ಲಿ ತೋರಿಸುವ ಬಣ್ಣದ ನಕ್ಷೆಯಲ್ಲಿ ಎಲ್ಲ ಸೈಟೂ ಸಮತಟ್ಟು. ನಿಜವಾದ ಜಾಗ ಹಾಗಿರುವುದಿಲ್ಲ ಅಲ್ವಾ? ಅದು ನಿನ್ನೆ ಮೊನ್ನೆಯವರೆಗೆ ಹೊಲವಾಗಿತ್ತು. ಹೊಲಕ್ಕೆ ಇಳಿಜಾರು ಇತ್ತು, ಬದು ಇತ್ತು, ಮಳೆನೀರು ಹರಿದು ಹೋಗುವ ಒಂದು ದಾರಿ ಇತ್ತು. ಲೇಔಟು ಮಾಡುವವರು ಜೆಸಿಬಿಯಲ್ಲಿ ಮೇಲಿನ ಮಣ್ಣು ಕೆತ್ತಿ ಕೆಳಗಡೆ ಸುರಿದು, ಮೇಲೊಂದು ರೋಲರ್ ಓಡಿಸಿ ಚೆಂದ ಮಾಡುತ್ತಾರೆ. ಮೇಲಿನ ಸೈಟಿನಲ್ಲಿ ನೀವು ಗಟ್ಟಿ ನೆಲದ ಮೇಲೆ ಪಾಯ ಹಾಕುತ್ತೀರಿ. ಕೆಳಗಿನದರಲ್ಲಿ ಬೇರೆಯವರ ಮಣ್ಣನ್ನು ಅಗೆದು ತೆಗೆದು ಗಟ್ಟಿ ನೆಲ ಹುಡುಕಬೇಕು. ಚದರ ಅಡಿಯ ರೇಟಿನಲ್ಲಿ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಸೈಟು ರಸ್ತೆಗಿಂತ ತಗ್ಗಿದ್ದರೆ ಇನ್ನೊಂದು ಖರ್ಚು. 1200 ಚದರ ಅಡಿಗೆ 3 ಅಡಿ ತುಂಬಿಸಬೇಕು ಅಂದರೆ 3600 ಘನ ಅಡಿ ಮಣ್ಣು. ನೀರು ಬಿಟ್ಟು ದಿಮ್ಮಸು ಹೊಡೆದಾಗ ಅದು ಕುಗ್ಗುತ್ತದೆ, ಹಾಗಾಗಿ ತರಿಸುವುದು ಅದಕ್ಕಿಂತ ಜಾಸ್ತಿಯೇ. ಮುಂದೆ ರಸ್ತೆಗೆ ಮತ್ತೊಂದು ಪದರ ಡಾಂಬರು ಬಿದ್ದರೆ ನೀವು ಇನ್ನೂ ತಗ್ಗು. ಒಳಚರಂಡಿಯದ್ದೂ ಇದೇ ಕಥೆ. ಮಳೆ ಜೋರಾಗಿ ಮ್ಯಾನ್‌ಹೋಲ್ ತುಂಬಿದಾಗ ನೀರು ವಾಪಸ್ ಬರುವುದು ಅತಿ ಕೆಳಗಿರುವ ಮನೆಯ ಬಚ್ಚಲಿಗೆ.

ಇದನ್ನು ಕಂಡುಹಿಡಿಯುವುದು ಕಷ್ಟವಲ್ಲ. ಲೇಔಟಿನ ಅಂಚಿಗೆ ಹೋಗಿ ಪಕ್ಕದ ಹೊಲದ ಮಟ್ಟ ನೋಡಿ. ಅದು ಹಳೆಯ ನೆಲ. ನಿಮ್ಮ ಸೈಟು ಅದಕ್ಕಿಂತ ಎತ್ತರದಲ್ಲಿ ಕಂಡರೆ ಮಣ್ಣು ತುಂಬಿಸಿರಬಹುದು, ನಾನು ಹೇಳುವುದು ಆ ಎತ್ತರವಲ್ಲ. ಉಳಿದಿರುವ ಹಳೆಯ ಮರದ ಬುಡ ಮಣ್ಣಿನೊಳಗೆ ಹೂತಂತಿದೆಯಾ ಗಮನಿಸಿ. ಕಂಪ್ಯೂಟರಿನಲ್ಲಿ ಗೂಗಲ್ ಅರ್ಥ್ ತೆರೆದರೆ ಹಳೆಯ ವರ್ಷಗಳ ಉಪಗ್ರಹ ಚಿತ್ರಗಳೂ ಸಿಗುತ್ತವೆ. ಅಲ್ಲಿ ಹತ್ತು ಹದಿನೈದು ವರ್ಷ ಹಿಂದೆ ನೀರಿನ ಕಟ್ಟೆ ಇತ್ತಾ, ಕಲ್ಲು ಕ್ವಾರಿ ಇತ್ತಾ ಗೊತ್ತಾಗುತ್ತದೆ. ಸರ್ಕಾರದ ದಿಶಾಂಕ್ ಆ್ಯಪ್ ಹಾಕಿಕೊಂಡು ಸೈಟಿನ ಮೇಲೆ ನಿಂತರೆ ನಿಂತ ಜಾಗದ ಸರ್ವೆ ನಂಬರ್ ಬರುತ್ತದೆ. ಅದನ್ನು ಗ್ರಾಮ ನಕ್ಷೆಯ ಜೊತೆ ಇಟ್ಟು ನೋಡಿ, ಹಳ್ಳ ಎಲ್ಲಿ, ಕೆರೆ ಎಲ್ಲಿ ಅಂತ. ಎಲ್ಲಕ್ಕಿಂತ ಒಳ್ಳೆಯದು, ಜೋರು ಮಳೆ ಬಂದ ಮಾರನೇ ದಿನ ಹೋಗುವುದು. ಬ್ರೋಕರ್ ಬಿಸಿಲಿನ ದಿನವೇ ಕರೆದುಕೊಂಡು ಹೋಗುತ್ತಾನೆ, ಅದು ಬೇರೆ ಮಾತು.

ಮಣ್ಣನ್ನೂ ನೋಡಿ. ಕೆಂಪು ಮಣ್ಣು, ಜಲ್ಲಿ ಮಿಶ್ರಿತ ಗೊರಚು ಸಿಕ್ಕರೆ ಪುಣ್ಯ. ನಂಜನಗೂಡು, ಚಾಮರಾಜನಗರದ ಕಡೆ ಹೋದಂತೆ ಎರೆ ಮಣ್ಣೂ ಸಿಗುತ್ತದೆ. ಅದು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಅದರ ಮೇಲೆ ಕಟ್ಟಬಾರದು ಅಂತಿಲ್ಲ, ಪಾಯಕ್ಕೆ ದುಡ್ಡು ಜಾಸ್ತಿ ಅಷ್ಟೇ. ಬಂಡೆ ಸಿಕ್ಕರೆ ಪಾಯಕ್ಕೆ ಒಳ್ಳೆಯದು, ಆದರೆ ಸಂಪು ತೋಡುವಾಗ ಬ್ರೇಕರ್ ಬಾಡಿಗೆ ಕೈ ಕಚ್ಚುತ್ತದೆ. ಪೂರ್ತಿ ಹಣ ಕೊಡುವ ಮುಂಚೆ ಸೈಟಿನ ಒಂದು ಮೂಲೆಯಲ್ಲಿ ಐದಾರು ಅಡಿ ಗುಂಡಿ ತೋಡಿಸಲು ಒಪ್ಪಿಗೆ ಕೇಳಿ. ಒಪ್ಪದವರನ್ನು ನಾನಾದರೆ ನಂಬುವುದಿಲ್ಲ.

ಈಗ ನಿಮ್ಮ ಮೂರು ಸೈಟುಗಳಿಗೆ ಬರೋಣ. ಪಾರ್ಕ್ ಎದುರು ಅಂದ ತಕ್ಷಣ ಎಲ್ಲರ ಮುಖ ಅರಳುತ್ತದೆ. ಆದರೆ ಯೋಚಿಸಿ, ಲೇಔಟು ಮಾಡುವವನು ಪಾರ್ಕಿಗೆ ಯಾವ ಜಾಗ ಬಿಡುತ್ತಾನೆ? ಸೈಟು ಮಾಡಿ ಮಾರಲು ಆಗದ್ದನ್ನು. ಸೊಟ್ಟ ಮೂಲೆ, ಹಳ್ಳದ ಪಕ್ಕದ ಪಟ್ಟಿ, ಹೈಟೆನ್ಷನ್ ತಂತಿಯ ಕೆಳಗಿನ ಜಾಗ. ಹಾಗಾಗಿ ಎಷ್ಟೋ ಲೇಔಟುಗಳಲ್ಲಿ ಪಾರ್ಕೇ ಅತಿ ತಗ್ಗಿನ ಜಾಗ, ಅದರ ಎದುರಿನ ಸೈಟೂ ತಗ್ಗು. ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ಕೂಡ ಅಲ್ಲೇ ಒಂದು ಮೂಲೆಯಲ್ಲಿ ಇರಬಹುದು, ವಾಸನೆ ನಿಮ್ಮ ಪಾಲಿಗೆ. ತಂತಿ ಹಾದು ಹೋಗಿದ್ದರೆ ದೂರ ಅಳೆಯಿರಿ. 66 ಕೆ.ವಿ. ಮಾರ್ಗಕ್ಕೆ 18 ಮೀಟರ್, 220 ಕೆ.ವಿ.ಗೆ 35 ಮೀಟರ್ ಅಗಲದ ಪಟ್ಟಿ ಖಾಲಿ ಬಿಡಬೇಕು. ಎದುರಿನ ಹಸಿರು ಜಾಗ ನಿಜವಾಗಿ ಪಾರ್ಕೋ ಸಿಎ ಸೈಟೋ (ನಾಗರಿಕ ಸೌಲಭ್ಯಕ್ಕೆ ಮೀಸಲಿಟ್ಟ ಜಾಗ) ಅನ್ನುವುದನ್ನೂ ಲೇಔಟಿಗೆ ಅನುಮೋದನೆ ಕೊಡುವ ಪ್ರಾಧಿಕಾರದ ಸೀಲ್ ಇರುವ ನಕ್ಷೆಯಲ್ಲಿ ನೋಡಿ, ಬ್ರೋಷರ್‌ನಲ್ಲಿ ಅಲ್ಲ. ಸಿಎ ಆದರೆ ನಾಳೆ ಶಾಲೆ ಬರಬಹುದು, ಸಮುದಾಯ ಭವನವೂ ಬರಬಹುದು.

ಕಾರ್ನರ್ ಸೈಟಿಗೆ ಜಾಸ್ತಿ ದುಡ್ಡು ಕೊಡುವುದು ನನಗೆ ಅಷ್ಟು ಸರಿ ಕಾಣುವುದಿಲ್ಲ. ಗಾಳಿ ಬೆಳಕು ಚೆನ್ನಾಗಿರುತ್ತದೆ, ನಿಜ. ಆದರೆ ನಕ್ಷೆ ಮಂಜೂರಾತಿಯಲ್ಲಿ ರಸ್ತೆ ಕಡೆಯ ಎರಡೂ ಬದಿಯನ್ನು ಮುಂಭಾಗ ಅಂತಲೇ ಲೆಕ್ಕ ಹಾಕಿ ಜಾಗ ಬಿಡಿಸುತ್ತಾರೆ. 30×40ರಂಥ ಚಿಕ್ಕ ಸೈಟಿನಲ್ಲಿ ಅದು ಒಂದು ಕೋಣೆಯ ಅಗಲವನ್ನೇ ತಿನ್ನಬಹುದು. ಟ್ರಾನ್ಸ್‌ಫಾರ್ಮರ್ ಇಡಲು, ಕಸ ಸುರಿಯಲು ಜನ ನೋಡುವುದೂ ಮೂಲೆಯನ್ನೇ.

ಪಶ್ಚಿಮದ್ದರ ಬಗ್ಗೆ ಸುಮ್ನೆ ಹೆದರಿಸುತ್ತಾರೆ. ರಸ್ತೆ ಯಾವ ಕಡೆ ಇದ್ದರೂ ಮನೆಗೆ ಪಶ್ಚಿಮದ ಗೋಡೆ ಇದ್ದೇ ಇರುತ್ತದೆ. ಮಧ್ಯಾಹ್ನದ ಬಿಸಿಲು, ಮುಂಗಾರಿನ ಎರಚಲು ಅದಕ್ಕೇ ಹೊಡೆಯುತ್ತದೆ. ರಸ್ತೆ ಪಶ್ಚಿಮಕ್ಕಿದ್ದರೆ ಆ ಕಡೆ ಕಾರು ನಿಲ್ಲಿಸುವ ಜಾಗ, ಮೆಟ್ಟಿಲು, ಒಂದು ಹೊಂಗೆ ಮರ ಇಟ್ಟು ಬಿಸಿಲನ್ನು ತಡೆಯಬಹುದು. ಪೂರ್ವದ ಸೈಟಿನಲ್ಲಿ ಅದೇ ಬಿಸಿಲು ಹಿಂದಿನ ಮಲಗುವ ಕೋಣೆಗೆ ಬೀಳುತ್ತದೆ. ವಾಸ್ತು ನಂಬುವವರು ಮನೆಯಲ್ಲಿದ್ದರೆ ನನ್ನ ಮಾತು ನಡೆಯಲ್ಲ ಬಿಡಿ. ಮಾರುವಾಗಲೂ ಪೂರ್ವದ್ದು ಬೇಗ ಹೋಗುತ್ತದೆ, ಅದನ್ನು ಒಪ್ಪುತ್ತೇನೆ. ನೀವು ಇರುವುದಕ್ಕೆ ಅಂತೀರಿ. ಹಾಗಾಗಿ ಪಶ್ಚಿಮದ್ದು ಎತ್ತರದಲ್ಲಿದ್ದರೆ ಕಣ್ಣುಮುಚ್ಚಿ ಅದನ್ನೇ ಹಿಡಿಯಿರಿ, ಉಳಿದ ದುಡ್ಡು ಕಟ್ಟಡಕ್ಕೆ ಆಗುತ್ತದೆ.

ಒಂದು ಟೇಪ್ ಒಯ್ಯಿರಿ. 30×40 ಸೈಟಿನ ಮೂಲೆಯಿಂದ ಎದುರು ಮೂಲೆಗೆ ಸರಿಯಾಗಿ 50 ಅಡಿ ಬರಬೇಕು, ಎರಡೂ ಕಡೆಯಿಂದ. ಬರದಿದ್ದರೆ ಕಲ್ಲು ಜರುಗಿದೆ ಅಥವಾ ಸೈಟೇ ಸೊಟ್ಟ.

ಕಾಗದಪತ್ರಗಳನ್ನು ವಕೀಲರಿಗೆ ಬಿಡಿ. ಭೂಪರಿವರ್ತನೆ ಆದೇಶ, ಇಸಿ (ಋಣಭಾರ ಪ್ರಮಾಣಪತ್ರ), ಮಂಜೂರಾದ ನಕ್ಷೆ ಅವರು ನೋಡುತ್ತಾರೆ. ಇ-ಖಾತೆ ಇಲ್ಲದೆ ಈಗ ನೋಂದಣಿಯೇ ಆಗುವುದಿಲ್ಲ. ನೀವೇ ಕೇಳಬೇಕಾದದ್ದು ಎರಡು. ಒಂದು, ಲೇಔಟಿಗೆ ಅನುಮೋದನೆ ಸಿಕ್ಕ ಮಾತ್ರಕ್ಕೆ ನಿಮ್ಮ ಸೈಟು ಬಿಡುಗಡೆಯಾಗಿದೆ ಅಂತಲ್ಲ. ರಸ್ತೆ, ಚರಂಡಿ ಕೆಲಸ ನೋಡಿಕೊಂಡು ಪ್ರಾಧಿಕಾರ ಸೈಟುಗಳನ್ನು ಬಿಡುಗಡೆ ಮಾಡುತ್ತದೆ. ಆ ಪಟ್ಟಿಯಲ್ಲಿ ನಿಮ್ಮ ಸೈಟ್ ನಂಬರ್ ಇರಬೇಕು. ಎರಡು, ಮುಖ್ಯ ರಸ್ತೆಯಿಂದ ಲೇಔಟಿಗೆ ಬರುವ ದಾರಿ ಯಾರದು? ಗ್ರಾಮ ನಕ್ಷೆಯಲ್ಲಿರುವ ನಕಾಶೆ ದಾರಿಯಾದರೆ ಸರಿ. ಯಾರೋ ರೈತರ ಹೊಲದ ಮೇಲೆ ಬಾಯಿಮಾತಿನಲ್ಲಿ ಮಾಡಿಕೊಂಡ ದಾರಿಯಾದರೆ ಬೇಡ.

ನೀರಿನ ಬಗ್ಗೆ, ಲೇಔಟು ಸ್ಥಳೀಯ ಸಂಸ್ಥೆಗೆ ಹಸ್ತಾಂತರ ಆಗಿದೆಯಾ ಕೇಳಿ. 2020ರಲ್ಲಿ ಊರಿನ ಅಂಚಿನ ಹೂಟಗಳ್ಳಿ ನಗರಸಭೆ ಆಯಿತು, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳಾದವು. ಆದರೂ ಹಸ್ತಾಂತರ ಆಗುವವರೆಗೆ ಬೋರ್‌ವೆಲ್ಲು, ಬೀದಿ ದೀಪ, ಕಸ ಎಲ್ಲ ಲೇಔಟಿನವರದೇ ಜವಾಬ್ದಾರಿ. ಪಕ್ಕದ ಲೇಔಟಿನಲ್ಲಿ ಈಗಾಗಲೇ ಮನೆ ಕಟ್ಟಿಕೊಂಡವರನ್ನು ಮಾರ್ಚ್, ಏಪ್ರಿಲ್‌ನಲ್ಲಿ ಟ್ಯಾಂಕರ್ ಎಷ್ಟು ಸಲ ಬರುತ್ತದೆ ಅಂತ ವಿಚಾರಿಸಿ. ಅವರಿಗೆ ಸುಳ್ಳು ಹೇಳುವ ಅಗತ್ಯ ಇರುವುದಿಲ್ಲ.

ಟೋಕನ್ ಕೊಡುವಾಗ ರಸೀದಿಯಲ್ಲಿ ಸೈಟ್ ನಂಬರ್, ಅಳತೆ, ನಾಲ್ಕೂ ದಿಕ್ಕಿನ ಚೆಕ್ಕುಬಂದಿ (ಯಾವ ಕಡೆ ಏನಿದೆ ಅನ್ನುವುದು) ಬರೆಸಿಕೊಳ್ಳಿ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ ಪ್ರಕಾರ ಕ್ರಯದ ಕರಾರು ನೋಂದಣಿ ಆಗುವ ಮುಂಚೆ ಶೇ 10ಕ್ಕಿಂತ ಹೆಚ್ಚು ಮುಂಗಡ ಕೇಳುವ ಹಾಗಿಲ್ಲ. ಕೇಳಿದರೆ ಎದ್ದು ಬನ್ನಿ. ಮೂರು ಸೈಟಿನ ಮಟ್ಟ ನೋಡಿಕೊಂಡು ಬಂದ ಮೇಲೆ ಇಲ್ಲೇ ಬರೆಯಿರಿ, ಪಾಯಕ್ಕೆ ಎಷ್ಟು ಬೀಳಬಹುದು ಅಂತ ಅಂದಾಜು ಹೇಳುತ್ತೇನೆ.