ಪುಸ್ತಕ ಎತ್ತಿಕೊಡೋಕೆ ಡಿಗ್ರಿ ಯಾಕೆ?

ಪ್ರಶ್ನೆ: ಬಿ.ಎ. ಮುಗಿಸಿದ ನನ್ನ ಮಗಳು ಗ್ರಂಥಾಲಯ ವಿಜ್ಞಾನ ಓದುತ್ತೇನೆ ಅನ್ನುತ್ತಿದ್ದಾಳೆ. ‘ಪುಸ್ತಕ ಎತ್ತಿಕೊಡೋಕೆ ಡಿಗ್ರಿ ಯಾಕೆ? ಈಗೆಲ್ಲ ಮೊಬೈಲಿನಲ್ಲೇ ಸಿಗುತ್ತಲ್ಲ’ ಅಂತಾರೆ ನೆಂಟರು. ಏನು ಮಾಡಲಿ?
– ಒಬ್ಬ ತಾಯಿ, ಹಾವೇರಿ

ಸಂಪಾದಕರ ಉತ್ತರ: ಓದಲಿ ಬಿಡಿ, ಅಮ್ಮಾ. ಪುಸ್ತಕ ಎತ್ತಿಕೊಡುವುದು ಆ ಕೆಲಸದ ಕೊನೆಯ ಒಂದು ನಿಮಿಷ. ಅದಕ್ಕೂ ಮೊದಲು ಎಷ್ಟೋ ಕೆಲಸ ಆಗಿರುತ್ತದೆ.

ಬಸವಣ್ಣನವರ ವಚನಗಳ ಸಂಕಲನವೊಂದು ಲೈಬ್ರರಿಗೆ ಬಂತು ಅಂದುಕೊಳ್ಳಿ. ಯಾವ ಕಪಾಟಿನಲ್ಲಿ ಇಡೋದು? ಪುಸ್ತಕಗಳಿಗೆ ವಿಷಯವಾರು ನಂಬರು ಕೊಡುವ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಕನ್ನಡ ಸಾಹಿತ್ಯದ ನಂಬರು 894.814. ಧರ್ಮದ ಪುಸ್ತಕಗಳು 200ರ ಸಾಲಿಗೆ ಹೋಗುತ್ತವೆ. ವಚನ ಎರಡೂ ಹೌದಲ್ವಾ? ಆದರೆ ಇರುವುದು ಒಂದೇ ಪ್ರತಿ. ಕನ್ನಡ ಎಂ.ಎ. ಹುಡುಗ ಒಂದು ಕಡೆ ಹುಡುಕುತ್ತಾನೆ, ಶರಣರ ವಿಚಾರ ತಿಳಿಯಬೇಕೆಂದು ಬಂದ ಹಿರಿಯರು ಇನ್ನೊಂದು ಕಡೆ. ಗ್ರಂಥಪಾಲಕಿ ಯೋಚಿಸಿ ಒಂದು ಜಾಗ ಗೊತ್ತು ಮಾಡುತ್ತಾಳೆ. ಆಮೇಲೆ ಕ್ಯಾಟಲಾಗಿನಲ್ಲಿ, ಅಂದರೆ ಲೈಬ್ರರಿಯ ಪುಸ್ತಕಗಳ ಪಟ್ಟಿಯಲ್ಲಿ, ಹೆಸರು, ವಿಷಯ, ಯಾವ ದಾರಿಯಿಂದ ಬಂದರೂ ಪುಸ್ತಕ ಸಿಗುವ ಹಾಗೆ ನಮೂದಿಸುತ್ತಾಳೆ. ಒಬ್ಬರು ‘ಬಸವಣ್ಣ’ ಎಂದು ಹುಡುಕಬಹುದು, ಇನ್ನೊಬ್ಬರು ‘ಬಸವೇಶ್ವರ’ ಎಂದು. ಎರಡೂ ಹೆಸರು ಒಬ್ಬರದೇ ಎಂದು ಕ್ಯಾಟಲಾಗಿಗೆ ಗೊತ್ತಿರಬೇಕು. ಮೊಬೈಲಿನಲ್ಲಿ ಹುಡುಕಿದಾಗಲೂ ಇದೇ ತೊಡಕು. ಅಲ್ಲೂ ಹೀಗೆ ಜೋಡಿಸಿದ್ದರೇನೇ ಬೇಕಾದ್ದು ಸರಿಯಾಗಿ ಸಿಗುವುದು.

ನಮ್ಮ ದೇಶದಲ್ಲಿ ಈ ವಿದ್ಯೆಗೆ ಬುನಾದಿ ಹಾಕಿದ ಎಸ್.ಆರ್. ರಂಗನಾಥನ್ ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು, ಲಂಡನ್ನಿಗೆ ಹೋಗಿ ಕೆಲಸ ಕಲಿತು ಬಂದರು. 1931ರಲ್ಲಿ ಐದು ಸೂತ್ರ ಬರೆದರು. ಮೊದಲನೆಯದು, ಪುಸ್ತಕ ಇರುವುದು ಬಳಕೆಗೆ. ಬೀರುವಿಗೆ ಬೀಗ ಹಾಕಿಟ್ಟ ಶಾಲೆಗಳನ್ನು ಕಂಡಾಗಲೆಲ್ಲ ನನಗೆ ಈ ಮಾತು ನೆನಪಾಗಿ ಹೊಟ್ಟೆ ಉರಿಯುತ್ತದೆ. ನಾಲ್ಕನೆಯದು, ಓದುಗರ ಸಮಯ ಉಳಿಸಿ. ಮೇಲೆ ಹೇಳಿದ ಅಷ್ಟೂ ಕೆಲಸ ಇದಕ್ಕಾಗಿಯೇ. ಒಂದು ವಿಷಯವನ್ನು ಅದರ ಹಲವು ಮುಖಗಳಿಂದ ಗುರುತಿಸುವ ಕೋಲನ್ ವರ್ಗೀಕರಣವೂ ಅವರದೇ, 1933ರದ್ದು. 1962ರಲ್ಲಿ ಬೆಂಗಳೂರಿನಲ್ಲಿ ಈ ವಿಷಯಕ್ಕೆಂದೇ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿದರು. 1972ರಲ್ಲಿ ತೀರಿಕೊಂಡದ್ದೂ ಬೆಂಗಳೂರಿನಲ್ಲೇ.

ಕೆಲಸ ಸಿಗುವುದು ಸುಲಭ ಎಂದು ಸುಮ್ನೆ ಸಮಾಧಾನ ಹೇಳಲಾರೆ. ಪೈಪೋಟಿ ಜಾಸ್ತಿ. ಕಾಲೇಜು ಹುದ್ದೆ ಬೇಕಿದ್ದರೆ ಎಂ.ಲಿಬ್. (ಈ ವಿಷಯದ ಸ್ನಾತಕೋತ್ತರ ಪದವಿ) ಮುಗಿಸಿ ನೆಟ್‌ನಂಥ ಅರ್ಹತಾ ಪರೀಕ್ಷೆಗೂ ಕೂರಬೇಕಾಗುತ್ತದೆ. ಧಾರವಾಡ, ಮೈಸೂರು ವಿಶ್ವವಿದ್ಯಾಲಯಗಳಲ್ಲಿ ಈ ವಿಷಯಕ್ಕೆ ಪ್ರತ್ಯೇಕ ವಿಭಾಗವೇ ಇದೆ. ನಿಮಗೆ ಧಾರವಾಡ ಹತ್ತಿರ. ಅರ್ಜಿ ಹಾಕುವ ಮುಂಚೆ ಮಗಳು ನಿಮ್ಮೂರ ಗ್ರಂಥಾಲಯದವರನ್ನು ಕೇಳಿ, ಕೆಲವು ದಿನ ಹೊಸ ಪುಸ್ತಕಗಳಿಗೆ ನಂಬರು ಹಾಕುವಾಗ ಪಕ್ಕದಲ್ಲಿ ಕೂತು ನೋಡಲಿ. ಅದು ಇಷ್ಟವಾದರೆ ಧೈರ್ಯವಾಗಿ ಫೀಸು ಕಟ್ಟಿ.