ಇಂಟರ್ನ್ ಗೆಳೆಯರಿಗೆ ಎರಡು ದಿನದಲ್ಲಿ ಮೈಸೂರು ತೋರಿಸುವುದು ಹೇಗೆ?

ಪ್ರಶ್ನೆ: ಮೇಡಂ, ನಮಸ್ಕಾರ. ನನ್ನ ಊರು ಹಾವೇರಿ. ಬೆಂಗಳೂರಿನ ಒಂದು ಕಂಪನಿಯಲ್ಲಿ ಆರು ತಿಂಗಳ ಇಂಟರ್ನ್‌ಶಿಪ್ ಮಾಡುತ್ತಿದ್ದೇನೆ. ನಮ್ಮ ಬ್ಯಾಚಿನಲ್ಲಿ ಎಂಟು ಜನ. ಕೇರಳ, ಒಡಿಶಾ, ಬಿಹಾರ, ಪುಣೆ ಹೀಗೆ ಎಲ್ಲ ಕಡೆಯಿಂದ ಬಂದವರು. ಕನ್ನಡದವಳು ನಾನೊಬ್ಬಳೇ. ಶನಿವಾರ, ಭಾನುವಾರ ಮೈಸೂರಿಗೆ ಹೋಗೋಣ ಎಂದು ಎಲ್ಲರೂ ಸೇರಿ 14 ಜಾಗಗಳ ಪಟ್ಟಿ ಮಾಡಿ, 'ನಿಮ್ಮ ರಾಜ್ಯ ತಾನೆ, ನೀನೇ ತೋರಿಸು' ಎಂದು ನನ್ನ ಕೈಗೆ ಕೊಟ್ಟಿದ್ದಾರೆ. ನಾನು ಮೈಸೂರು ನೋಡಿದ್ದು ಏಳನೇ ಕ್ಲಾಸಿನ ಶಾಲಾ ಪ್ರವಾಸದಲ್ಲಿ ಮಾತ್ರ, ನೆನಪಿರುವುದು ಮೃಗಾಲಯದ ಜಿರಾಫೆ ಒಂದೇ. ಇನ್ನೊಂದು ತೊಂದರೆ ಏನೆಂದರೆ ಎಲ್ಲರಿಗೂ ಸ್ಟೈಪೆಂಡ್ ಒಂದೇ ಆದರೂ ಒಬ್ಬಳು ಅರ್ಧಕ್ಕಿಂತ ಜಾಸ್ತಿ ಮನೆಗೆ ಕಳಿಸುತ್ತಾಳೆ, ಇನ್ನಿಬ್ಬರಿಗೆ ರೆಸಾರ್ಟೇ ಬೇಕಂತೆ. ಹೇಗೆ ನಿಭಾಯಿಸಲಿ?
– ಹೆಸರು ಬೇಡ, ಬೆಂಗಳೂರು

ಉತ್ತರ: ಮೊದಲು ಆ ಪಟ್ಟಿಯಲ್ಲಿ ಹನ್ನೊಂದು ಹೆಸರು ಹೊಡೆದುಹಾಕಿ. ನಾನು ಮೈಸೂರಿನಲ್ಲೇ ಹುಟ್ಟಿ ಬೆಳೆದವಳು. ಮನೆಗೆ ಬಂದ ನೆಂಟರಿಗೆಲ್ಲ ಊರು ತೋರಿಸಿದ್ದೇನೆ. ಒಮ್ಮೆ ಒಂದೇ ದಿನ ಏಳು ಜಾಗ ಸುತ್ತಿಸಿದ್ದೆವು. ಸಂಜೆ ಕೆ.ಆರ್.ಎಸ್. ಕಾರಂಜಿ ಮುಂದೆ ದೊಡ್ಡಮ್ಮ ಕೂತಲ್ಲೇ ನಿದ್ದೆ ಹೋದರು, ಮಕ್ಕಳು ಮನೆಗೆ ಹೋಗೋಣ ಎಂದು ಅಳುತ್ತಿದ್ದವು. ಅವತ್ತು ಅವರು ಏನೇನು ನೋಡಿದರು ಎಂದು ಈಗ ಕೇಳಿದರೆ ಯಾರಿಗೂ ನೆನಪಿಲ್ಲ. ನಿಮಗೆ ಜಿರಾಫೆ ಮಾತ್ರ ನೆನಪಿರುವುದೂ ಅದಕ್ಕೇ ಅಲ್ವಾ?

ಅರಮನೆ, ದೇವರಾಜ ಮಾರುಕಟ್ಟೆ, ಚಾಮುಂಡಿ ಬೆಟ್ಟ, ಸೋಮನಾಥಪುರ. ಈ ನಾಲ್ಕು ಸಾಕು. ಮೃಗಾಲಯ 1892ರಷ್ಟು ಹಳೆಯದು, ಚೆನ್ನಾಗಿಯೂ ಇದೆ, ಆದರೆ ಅದಕ್ಕೇ ಅರ್ಧ ದಿನ ಬೇಕು. ಶ್ರೀರಂಗಪಟ್ಟಣ, ರಂಗನತಿಟ್ಟು, ಕೆ.ಆರ್.ಎಸ್. ಮೂರನ್ನೂ ಸೇರಿಸಿ ಇನ್ನೊಂದು ಸಲ ಬನ್ನಿ. ಬೆಂಗಳೂರಿನಿಂದ ನೂರಾ ನಲವತ್ತು ಚಿಲ್ಲರೆ ಕಿಲೋಮೀಟರ್ ತಾನೆ.

ಇಡೀ ಪ್ರವಾಸವನ್ನು ಭಾನುವಾರ ಸಂಜೆ ಏಳು ಗಂಟೆಯಿಂದ ಹಿಂದಕ್ಕೆ ಲೆಕ್ಕ ಹಾಕಿ. ಅರಮನೆಯ ದೀಪ ಹತ್ತುವ ಹೊತ್ತು ಅದು. ಭಾನುವಾರ ಮತ್ತು ಸರ್ಕಾರಿ ರಜೆಯ ದಿನಗಳಲ್ಲಿ ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೇ ಹೊತ್ತಿಕೊಳ್ಳುತ್ತವೆ. ಆ ಕ್ಷಣದಲ್ಲಿ ಮೈದಾನದಲ್ಲಿ ನಿಂತ ಅಷ್ಟೂ ಜನರ ಬಾಯಿಂದ ಒಂದು 'ಓ' ಬರುತ್ತದೆ. ಎಷ್ಟು ಸಲ ನೋಡಿದರೂ ನನಗೆ ಮೈ ಜುಮ್ಮೆನ್ನುತ್ತದೆ. ಬೆಂಗಳೂರಿನಿಂದ ಬರುವ ಎಷ್ಟೋ ಗುಂಪುಗಳು ಸೋಮವಾರ ಕೆಲಸ ಇದೆ ಎಂದು ಭಾನುವಾರ ನಾಲ್ಕಕ್ಕೇ ಬಸ್ ಹತ್ತಿಬಿಡುತ್ತವೆ. ಹಾಗೆ ಮಾಡಬೇಡಿ. ರಾತ್ರಿಯೂ ಬಸ್ಸುಗಳಿವೆ. ಎಂಟು ಸೀಟು ಮೊದಲೇ ಬುಕ್ ಮಾಡಿಟ್ಟು ನಿಶ್ಚಿಂತೆಯಾಗಿ ನಿಂತು ನೋಡಿ.

ಹೋಗುವಾಗ ಶನಿವಾರ ಬೆಳಿಗ್ಗೆ ರೈಲು ಹಿಡಿಯಿರಿ. ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ನಿಮಗೇನೋ ಟಿಕೆಟ್ ದುಡ್ಡಿಲ್ಲ. ಆದರೆ ಅದು ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸುವ ಹೆಣ್ಣುಮಕ್ಕಳಿಗೆ ಮಾತ್ರ, ನಿಮ್ಮ ಗೆಳತಿಯರಿಗೆ ಸಿಗಲಿಕ್ಕಿಲ್ಲ. ಅಲ್ಲದೆ ರೈಲಿನಲ್ಲಿ ಎಂಟೂ ಜನ ಎದುರುಬದುರು ಕೂತು ಮಾತಾಡಬಹುದು. ರಾಮನಗರದ ಬಂಡೆ, ಮಂಡ್ಯದ ಕಬ್ಬು, ಶ್ರೀರಂಗಪಟ್ಟಣದ ಹತ್ತಿರ ಕಾವೇರಿ, ಎಲ್ಲ ಕಿಟಕಿಯಲ್ಲೇ ಬರುತ್ತವೆ. ಮದ್ದೂರು ವಡೆ ಬಂದಾಗ ಬಿಡಬೇಡಿ.

ಬ್ಯಾಗು ರೂಮಿನಲ್ಲಿಟ್ಟು ನೇರ ಅರಮನೆಗೆ ಹೋಗಿ. ಎರಡು ಗಂಟೆಯಾದರೂ ಬೇಕು. ಚಪ್ಪಲಿ, ಶೂ ಹೊರಗೆ ಬಿಡಬೇಕು, ಆದ್ದರಿಂದ ಬೇಗ ಬಿಚ್ಚುವಂಥದ್ದನ್ನು ಹಾಕಿಕೊಂಡು ಬರಲು ಎಲ್ಲರಿಗೂ ಮೊದಲೇ ಹೇಳಿ. ಒಳಗೆ ಗೈಡ್ ಇಲ್ಲದಿದ್ದರೂ ನೀವು ಒಂದು ಕತೆ ಹೇಳಿ. ಈಗಿರುವುದಕ್ಕೆ ಮೊದಲು ಅಲ್ಲಿ ಇದ್ದದ್ದು ಮರದ ಅರಮನೆ. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಮಯದಲ್ಲಿ ಬೆಂಕಿ ಬಿದ್ದು ಸುಟ್ಟುಹೋಯಿತು. ಆಮೇಲೆ ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯ ನಕ್ಷೆಯಂತೆ ಇದನ್ನು ಕಟ್ಟಿ 1912ಕ್ಕೆ ಮುಗಿಸಿದರು. ಈ ಕತೆ ಗೊತ್ತಿದ್ದರೆ ಒಳಗಿನ ಎರಕದ ಕಂಬಗಳನ್ನು ನೋಡುವ ಕಣ್ಣೇ ಬೇರೆಯಾಗುತ್ತದೆ. ಕಲ್ಯಾಣ ಮಂಟಪದಲ್ಲಿ ಸುಮ್ನೆ ಐದು ನಿಮಿಷ ನಿಂತು ಮೇಲಕ್ಕೆ ನೋಡಿ. ಬಣ್ಣದ ಗಾಜಿನ ಆ ಚಾವಣಿಯಲ್ಲಿರುವುದು ನವಿಲುಗಳು. ಸುತ್ತಲಿನ ಗೋಡೆಗಳ ಮೇಲೆ ಹಳೆಯ ದಸರಾ ಮೆರವಣಿಗೆಯ ಚಿತ್ರಗಳಿವೆ. ದಸರೆ ನೋಡದ ನಿಮ್ಮ ಗೆಳೆಯರಿಗೆ ಅದೇ ದಸರೆ.

ನಾಲ್ಕು ಗಂಟೆ ಮೇಲೆ ದೇವರಾಜ ಮಾರುಕಟ್ಟೆ. ಚಿಕ್ಕ ಗಡಿಯಾರದ ಕಡೆಯಿಂದ ಒಳಗೆ ಹೋಗಿ. ಮೈಸೂರು ಮಲ್ಲಿಗೆ, ವೀಳ್ಯದೆಲೆ, ಸಿಕ್ಕರೆ ನಂಜನಗೂಡು ರಸಬಾಳೆ, ಗೋಪುರದ ಹಾಗೆ ಪೇರಿಸಿಟ್ಟ ಬಣ್ಣಬಣ್ಣದ ಕುಂಕುಮ. ಇಲ್ಲಿ ನೀವು ಮಾತಾಡಲೇಬೇಡಿ. 'ಇದು ಎಷ್ಟು?' 'ಒಂದು ಮೊಳ ಕೊಡಿ' ಎಂಬ ಎರಡು ಮಾತು ಹೇಳಿಕೊಟ್ಟು ಗೆಳೆಯರನ್ನೇ ಮುಂದೆ ಬಿಡಿ. ಒಡಿಶಾದ ಹುಡುಗ ತಪ್ಪು ಉಚ್ಚಾರದಲ್ಲಿ ಒಂದು ಮೊಳ ಹೂ ಕೇಳಿದಾಗ ಹೂವಿನವರು ನಕ್ಕು ಒಂದು ಗೇಣು ಜಾಸ್ತಿ ಅಳೆದು ಕೊಟ್ಟರೂ ಕೊಡಬಹುದು. ಅಲ್ಲಿಂದ ಸಯ್ಯಾಜಿರಾವ್ ರಸ್ತೆಗೆ ಬಂದು ಮೈಸೂರು ಪಾಕ್ ತಿನ್ನಿ. ಮನೆಗೆ ಕಟ್ಟಿಸಿಕೊಳ್ಳುವುದು ಭಾನುವಾರಕ್ಕಿರಲಿ.

ಭಾನುವಾರ ಬೆಳಿಗ್ಗೆ ಆರಕ್ಕೆ ಚಾಮುಂಡಿ ಬೆಟ್ಟದ ಪಾದದಲ್ಲಿರಿ. ಮೇಲೆ ದೇವಸ್ಥಾನದವರೆಗೆ ಬಸ್ಸಿದೆ, ಆದರೂ ಹರೆಯದವರು ಮೆಟ್ಟಿಲು ಹತ್ತಿ. ಸಾವಿರಕ್ಕೂ ಜಾಸ್ತಿ ಇವೆ. ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಬಗ್ಗಿ ಬಗ್ಗಿ ಹತ್ತುವ ಹರಕೆಯವರು ಸಿಗುತ್ತಾರೆ, ಅವರಿಗೆ ದಾರಿ ಬಿಡಿ. ಅರ್ಧಕ್ಕಿಂತ ಮೇಲೆ ಹೋದಾಗ ನಂದಿ. ಒಂದೇ ಬಂಡೆಯಲ್ಲಿ ಕಡೆದದ್ದು, ಸುಮಾರು 15 ಅಡಿ ಎತ್ತರ, 17ನೇ ಶತಮಾನದ ದೊಡ್ಡದೇವರಾಜ ಒಡೆಯರ ಕಾಲದ್ದು. ಮಂಡಿ ನೋವು ಇರುವವರು ಮೇಲಕ್ಕೆ ಬಸ್ಸಿನಲ್ಲಿ ಬರಲಿ, ಅದರಲ್ಲಿ ನಾಚಿಕೆ ಏನೂ ಇಲ್ಲ. ಇಳಿದು ಬಂದು ನಜರ್‌ಬಾದಿನ ಮೈಲಾರಿ ದೋಸೆ ತಿನ್ನಿ. ಗರಿಗರಿ ಅಲ್ಲ, ಮೆತ್ತಗೆ, ಮೇಲೆ ಬೆಣ್ಣೆ. ಅಷ್ಟು ಮೆಟ್ಟಿಲು ಹತ್ತಿಳಿದ ಮೇಲೆ ಅದರ ರುಚಿಯೇ ಬೇರೆ.

ಆಮೇಲೆ ಸೋಮನಾಥಪುರ, ಸುಮಾರು 35 ಕಿಲೋಮೀಟರ್. ಎಂಟು ಜನ ಇರುವುದರಿಂದ ಅರ್ಧ ದಿನಕ್ಕೆ ಒಂದು ಟಿ.ಟಿ. (ಟೆಂಪೊ ಟ್ರಾವೆಲರ್) ಮಾತಾಡಿಕೊಂಡರೆ ತಲೆಗೆ ಜಾಸ್ತಿ ಬೀಳುವುದಿಲ್ಲ. ದುಡ್ಡು ಇನ್ನೂ ಉಳಿಸಬೇಕಾದರೆ ಬನ್ನೂರಿನಲ್ಲಿ ಬಸ್ ಬದಲಿಸಿ ಹೋಗಬಹುದು, ಹೊತ್ತು ಹಿಡಿಯುತ್ತದೆ. ಈ ಜಾಗವನ್ನು ನಿಮ್ಮ ಪಟ್ಟಿಯಲ್ಲಿ ಯಾರೂ ಬರೆದಿರಲಾರರು ಎಂದೇ ಹೇಳುತ್ತಿದ್ದೇನೆ. ಹೊಯ್ಸಳರ ಮೂರನೇ ನರಸಿಂಹನ ದಂಡನಾಯಕ ಸೋಮನಾಥ 13ನೇ ಶತಮಾನದಲ್ಲಿ ಕಟ್ಟಿಸಿದ ಕೇಶವ ದೇವಾಲಯ. 2023ರಲ್ಲಿ ಬೇಲೂರು, ಹಳೇಬೀಡುಗಳ ಜೊತೆ ಯುನೆಸ್ಕೋ ಪಟ್ಟಿ ಸೇರಿತು. ಪೂಜೆ ನಡೆಯುವುದಿಲ್ಲ, ಹಾಗಾಗಿ ನೂಕುನುಗ್ಗಲೂ ಇಲ್ಲ. ಹೊರಗೋಡೆಯನ್ನು ಒಂದು ಸುತ್ತು ನಿಧಾನವಾಗಿ ಬನ್ನಿ. ಕೆಳಗಿನ ಸಾಲಿನಲ್ಲಿ ಆನೆಗಳು, ಅದರ ಮೇಲೆ ಕುದುರೆಗಳು, ಇನ್ನೂ ಮೇಲೆ ರಾಮಾಯಣ, ಮಹಾಭಾರತ, ಭಾಗವತದ ಕತೆಗಳು. ದೇವರ ವಿಗ್ರಹಗಳ ಪೀಠದ ಬಳಿ ಬಗ್ಗಿ ನೋಡಿದರೆ ಹಳಗನ್ನಡ ಅಕ್ಷರ ಕಾಣುತ್ತದೆ, ಕೆತ್ತಿದವರ ಹೆಸರುಗಳು ಅವು. ಮಲ್ಲಿತಮ್ಮ ಎಂಬ ಹೆಸರು ಹಲವು ಕಡೆ ಇದೆ. ಈಗಷ್ಟೇ ಕೆಲಸ ಕಲಿಯುತ್ತಿರುವ ನೀವು ಎಂಟು ಜನ, ಎಂಟುನೂರು ವರ್ಷದಷ್ಟು ಹಿಂದಿನ ಒಬ್ಬ ಕೆಲಸಗಾರನ ಸಹಿಯ ಮುಂದೆ ನಿಲ್ಲುತ್ತೀರಿ. ನನಗಂತೂ ಇಡೀ ಪ್ರವಾಸದಲ್ಲಿ ಇದೇ ಇಷ್ಟ.

ನಾಲ್ಕೂವರೆಗೆಲ್ಲ ಊರಿಗೆ ವಾಪಸ್ ಬನ್ನಿ. ಕಾಫಿ, ಮೈಸೂರು ಪಾಕ್ ಕಟ್ಟಿಸುವುದು, ಆಮೇಲೆ ಆರೂವರೆಗೆ ಅರಮನೆ ಮೈದಾನ.

ಈಗ ದುಡ್ಡಿನ ಮಾತು. ಗುಂಪಿನಲ್ಲಿ 'ಎಷ್ಟು ಖರ್ಚು ಮಾಡೋಣ?' ಎಂದು ಕೇಳಲೇಬೇಡಿ. ಮನೆಗೆ ಕಳಿಸುವ ಹುಡುಗಿ ಅಲ್ಲಿ ನಿಜ ಹೇಳುವುದಿಲ್ಲ. ಅವಳೊಬ್ಬಳೇ ಇದ್ದಾಗ ಎಷ್ಟಾದರೆ ಆರಾಮ ಎಂದು ಕೇಳಿ, ಆ ಮೊತ್ತವನ್ನೇ ನೀವು ಹಾಕಿದ ಬಜೆಟ್ ಎಂದು ಎಲ್ಲರ ಮುಂದೆ ಇಡಿ. ಅವಳ ಹೆಸರು ಬರಬಾರದು. ಹೊರಡುವ ಮೊದಲೇ ಎಲ್ಲರೂ ಅಷ್ಟು ದುಡ್ಡು ಒಬ್ಬರ ಕೈಗೆ ಕೊಡಲಿ, ಟಿಕೆಟ್ಟು, ಊಟ, ಆಟೊ ಎಲ್ಲ ಅದರಿಂದಲೇ ಹೋಗಲಿ. ಉಳಿದರೆ ಹಂಚಿಕೊಳ್ಳಿ. 'ನಿನ್ನದು ನಾನು ಕೊಡ್ತೀನಿ ಬಿಡು' ಎಂದು ಯಾರೂ ಅನ್ನದ ಹಾಗೆ ನೋಡಿಕೊಳ್ಳಿ. ನನ್ನ ಮೊದಲ ಕೆಲಸದಲ್ಲಿ ಜೊತೆಯವರು ಹೀಗೇ ಪ್ರೀತಿಯಿಂದಲೇ ನನ್ನ ಪಾಲು ಕೊಟ್ಟಿದ್ದರು. ಎರಡು ದಿನವೂ ನಾನು ಮೆನುವಿನಲ್ಲಿ ಕಡಿಮೆ ಬೆಲೆಯದ್ದೇ ಹುಡುಕುತ್ತಿದ್ದೆ, ನೋಡಿದ್ದು ಯಾವುದೂ ಮನಸ್ಸಿಗೆ ಇಳಿಯಲಿಲ್ಲ.

ರೆಸಾರ್ಟ್ ಕೇಳುವ ಇಬ್ಬರಿಗೆ ದುಡ್ಡಿನ ಕಾರಣ ಹೇಳಬೇಡಿ, ದೂರದ ಕಾರಣ ಹೇಳಿ. ಊರಾಚೆ ಉಳಿದುಕೊಂಡರೆ ಬೆಳಿಗ್ಗೆ ಆರಕ್ಕೆ ಬೆಟ್ಟದ ಪಾದ ಸೇರುವುದು ಕಷ್ಟ. ರೈಲ್ವೆ ನಿಲ್ದಾಣದ ಅಥವಾ ಬಸ್ ನಿಲ್ದಾಣದ ಹತ್ತಿರ ಶುದ್ಧವಾಗಿರುವ ಸಾಧಾರಣ ಲಾಡ್ಜ್ ಸಾಕು. ಎಂಟೂ ಜನರ ಗುರುತಿನ ಚೀಟಿ ಕೈಯಲ್ಲಿರಲಿ, ಇಲ್ಲದಿದ್ದರೆ ರೂಮ್ ಕೊಡುವುದಿಲ್ಲ.

ಪ್ರಶ್ನೆ: ನನ್ನ ಮಗಳು ಬೆಂಗಳೂರಿನಲ್ಲಿ ಇಂಟರ್ನ್. ಹುಡುಗ ಹುಡುಗಿಯರು ಸೇರಿ ಎರಡು ದಿನ ಮೈಸೂರಿಗೆ ಹೋಗುತ್ತಾರಂತೆ. ಪರಿಚಯವಾಗಿ ಎರಡು ತಿಂಗಳೂ ಆಗಿಲ್ಲ. ಬೇಡ ಅನ್ನಲಾ?
– ಒಬ್ಬ ತಾಯಿ, ಶಿರಸಿ

ಉತ್ತರ: ಬೇಡ ಅನ್ನಬೇಡಿ ಅಕ್ಕ. ಅವಳು ನಿಮ್ಮನ್ನು ಕೇಳಿದಳಲ್ಲ, ಅದನ್ನು ಉಳಿಸಿಕೊಳ್ಳಿ. ಇವತ್ತು ಬೇಡ ಎಂದರೆ ಮುಂದಿನ ಸಲ ಹೇಳದೆ ಹೋಗುತ್ತಾಳೆ. ಉಳಿಯುವ ಜಾಗದ ಹೆಸರು, ಜೊತೆಗಿರುವ ಇಬ್ಬರು ಹುಡುಗಿಯರ ನಂಬರು, ವಾಪಸ್ ಬರುವ ಬಸ್ಸಿನ ಸಮಯ, ಇಷ್ಟು ತಿಳಿಸು ಎಂದು ಹೇಳಿ. ಹುಡುಗಿಯರಿಗೆ ಬೇರೆ ರೂಮ್ ಇದೆಯಾ ಎಂದು ನೇರವಾಗಿ ಕೇಳಿ, ಸುತ್ತಿಬಳಸಿ ಬೇಡ. ತುರ್ತಿಗೆ 112 ಇದೆ ಎಂದು ನೆನಪಿಸಿ. ಆಮೇಲೆ ಗಂಟೆಗೊಂದು ಸಲ ಫೋನ್ ಮಾಡಬೇಡಿ, ರಾತ್ರಿ ಊಟ ಆದ ಮೇಲೆ ಅವಳೇ ಮಾಡಲಿ. ನಿಮಗೆ ಆ ಎರಡು ದಿನ ಕಷ್ಟವಾಗುತ್ತದೆ ಎಂದು ನನಗೆ ಗೊತ್ತು. ನನ್ನ ಮಗಳು ಮೊದಲ ಸಲ ಹೋದಾಗ ನಾನೂ ರಾತ್ರಿಯಿಡೀ ಎದ್ದೇ ಇದ್ದೆ.

ಪ್ರಶ್ನೆ: ನಾವು ನಾಲ್ಕು ಜನ ಇಂಟರ್ನ್‌ಗಳು ಎರಡು ಬೈಕಿನಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೋಗಬೇಕೆಂದಿದ್ದೇವೆ. ಹೊಸ ಎಕ್ಸ್‌ಪ್ರೆಸ್‌ವೇ ಚೆನ್ನಾಗಿದೆಯಂತೆ?
– ಓದುಗ, ತುಮಕೂರು

ಉತ್ತರ: ಚೆನ್ನಾಗಿದೆ, ಆದರೆ ನಿಮಗಲ್ಲ. 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ ಬೈಕು, ಆಟೊ, ಟ್ರ್ಯಾಕ್ಟರ್ ಬಿಡುವುದಿಲ್ಲ. ಮೊದಲು ಅಲ್ಲಿ ತುಂಬ ಜನ ಜೀವ ಕಳೆದುಕೊಂಡರು, ಅದಕ್ಕೇ ಆ ನಿಯಮ ಬಂತು. ಕಣ್ಣು ತಪ್ಪಿಸಿ ನುಗ್ಗಬೇಡಿ. ಪಕ್ಕದ ಸರ್ವಿಸ್ ರಸ್ತೆಯಲ್ಲಿ ಹೋಗಿ. ಹೊತ್ತು ಜಾಸ್ತಿ ಬೇಕು, ಆದರೆ ಚನ್ನಪಟ್ಟಣದಲ್ಲಿ ಗೊಂಬೆ ಅಂಗಡಿ ಮುಂದೆ ನಿಲ್ಲಿಸಬಹುದು, ಮದ್ದೂರಿನಲ್ಲಿ ವಡೆ ತಿನ್ನಬಹುದು. ಹಿಂದೆ ಕೂರುವವರಿಗೂ ಹೆಲ್ಮೆಟ್ ಇರಲಿ. ಬೆಳಿಗ್ಗೆ ಬೇಗ ಹೊರಡಿ, ಭಾನುವಾರ ದೀಪ ನೋಡುವ ಆಸೆ ಇದ್ದರೆ ಅವತ್ತು ರಾತ್ರಿ ಮೈಸೂರಿನಲ್ಲೇ ಉಳಿದು ಸೋಮವಾರ ಬೆಳಿಗ್ಗೆ ಬೈಕ್ ಹತ್ತಿ. ಅರ್ಧ ದಿನ ರಜೆ ಕೇಳಿದರೆ ಆಫೀಸಿನವರು ಕೊಟ್ಟಾರು.